ಚೇತರಿಕೆಯೆಂದರೇನು?

ವಿಷಮಶೀತಜ್ವರದಲ್ಲಿ ಮೂರು ವಾರ ಮಲಗಿದ್ದ ಮಗುವನ್ನು ಯಾವ ತಾಯಿಯೂ ಜ್ವರ ಬಿಟ್ಟ ಮರುದಿನವೇ ಶಾಲೆಗೆ ಕಳುಹಿಸುವುದಿಲ್ಲ. “ಜ್ವರವೇನೋ ಬಿಟ್ಟಿತು, ಆದರೆ ಹುಡುಗಿ ಇನ್ನೂ ಚೇತರಿಸಿಕೊಳ್ಳಬೇಕು” ಎನ್ನುತ್ತಾಳೆ. ಮೊದಲು ಗಂಜಿ, ಆಮೇಲೆ ಮೆತ್ತನೆಯ ಅನ್ನ, ಅಂಗಳದಲ್ಲಿ ನಾಲ್ಕು ಹೆಜ್ಜೆ, ಕೊನೆಗೆ ಪುಸ್ತಕದ ಚೀಲ. ರೋಗವು ಹೋಗುವುದು ಒಂದು ಸಂಗತಿ, ರೋಗಿಯು ತನ್ನ ಬಾಳಿಗೆ ಹಿಂದಿರುಗುವುದು ಮತ್ತೊಂದು ಸಂಗತಿ ಎಂಬ ವಿವೇಕವು ಆ ಒಂದು ಮಾತಿನಲ್ಲಿಯೇ ಅಡಗಿದೆ. ವೈದ್ಯರು ರೋಗವನ್ನು ಗುಣಪಡಿಸಬಲ್ಲರು. ಚೇತರಿಸಿಕೊಳ್ಳುವುದು ಮಾತ್ರ ರೋಗಿಯು ತಾನಾಗಿಯೇ ಮಾಡಬೇಕಾದ ಕೆಲಸ. ‘ಕೊಳ್ಳು’ ಎಂಬ ಆ ಸಹಾಯಕ್ರಿಯಾಪದವು ಏನನ್ನು ಸೂಚಿಸುತ್ತದೆಂಬುದನ್ನು ನಮ್ಮ ವ್ಯಾಕರಣದ ತರಗತಿಯಲ್ಲಿ ಕುಳಿತಿದ್ದವರಿಗೆ ನಾವು ಪುನಃ ಹೇಳಬೇಕಾದುದಿಲ್ಲ. ಆದರೆ ಗಂಜಿಯನ್ನು ಕಾಯಿಸುವವರು ಮನೆಯವರೇ ಎಂಬುದನ್ನೂ ಮರೆಯಕೂಡದು.

ಶರೀರದ ಕಾಯಿಲೆಯಲ್ಲಿ ಇಷ್ಟು ತಿಳಿದವರಾದ ನಾವು ಮನಸ್ಸಿನ ಕಾಯಿಲೆಯ ಮಾತು ಬಂದೊಡನೆ ಈ ವಿವೇಕವನ್ನು ಕಳೆದುಕೊಳ್ಳುತ್ತೇವೆ. ಒಂದೋ, “ಅದು ವಾಸಿಯಾಗತಕ್ಕದ್ದಲ್ಲ” ಎಂದು ಕೈಬಿಡುತ್ತೇವೆ. ಇಲ್ಲವೇ, “ಆಸ್ಪತ್ರೆಯಿಂದ ಬಂದಾಯಿತಲ್ಲ, ನಾಳೆಯಿಂದ ಎಲ್ಲವೂ ಮೊದಲಿನಂತೆ ನಡೆಯಲಿ” ಎಂದು ಬಯಸುತ್ತೇವೆ. ಎರಡೂ ತಪ್ಪು.

ಈ ತಪ್ಪನ್ನು ಕನ್ನಡದಲ್ಲಿ ಎಲ್ಲರ ಮನಸ್ಸಿಗೆ ನಾಟುವಂತೆ ತೋರಿಸಿಕೊಟ್ಟವರು ನಮ್ಮ ಮೈಸೂರಿನಲ್ಲಿಯೇ ಬಾಳಿದ ಶ್ರೀಮತಿ ತ್ರಿವೇಣಿಯವರು. 1928ರಲ್ಲಿ ಜನಿಸಿದ ಆಕೆಯು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿದವರು. ಅವರ ‘ಶರಪಂಜರ’ವನ್ನು ಓದದ ಪೂರ್ವವಿದ್ಯಾರ್ಥಿನಿಯರು ನಮ್ಮಲ್ಲಿ ವಿರಳ. ಓದದವರು 1971ರಲ್ಲಿ ಪುಟ್ಟಣ್ಣ ಕಣಗಾಲರು ಅದರಿಂದ ತೆಗೆದ ಚಲನಚಿತ್ರವನ್ನಾದರೂ ನೋಡಿರುವರು. ಕಥಾನಾಯಕಿಯಾದ ಕಾವೇರಿಯು ಹೆರಿಗೆಯ ತರುವಾಯ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು, ಚಿಕಿತ್ಸೆಯನ್ನು ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಆಕೆಗೆ ಕಾಯಿಲೆಯಿಲ್ಲ; ಆದರೆ ಮನೆಯಲ್ಲಿ ಆಕೆಯ ಸ್ಥಳವೂ ಉಳಿದಿಲ್ಲ. ಗಂಡನ ಮನಸ್ಸು ದೂರವಾಗಿದೆ, ನೆರೆಹೊರೆಯವರ ಕಣ್ಣುಗಳಲ್ಲಿ ಕುತೂಹಲ ತುಂಬಿದೆ. ಆಕೆಯು ನಕ್ಕರೂ ಸಂಶಯ, ಅತ್ತರೂ ಸಂಶಯ. ಕೊನೆಗೆ ಆಕೆಯು ಮತ್ತೆ ಆಸ್ಪತ್ರೆಯ ಹಾದಿಯನ್ನೇ ಹಿಡಿಯಬೇಕಾಗುತ್ತದೆ. ವೈದ್ಯರು ಮಾಡಿದ ಕೆಲಸವನ್ನು ಮನೆಯು ಅಳಿಸಿಹಾಕಿತು. ಇಂಥ ಕಥೆಯನ್ನು ಬರೆದ ತ್ರಿವೇಣಿಯವರೇ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ ತೀರಿಕೊಂಡರೆಂಬುದನ್ನು ನೆನೆದಾಗ ನಮಗೆ ಈಗಲೂ ವ್ಯಸನವಾಗುತ್ತದೆ.

ಕಾವೇರಿಗೆ ಬಂದದ್ದು ಕವಿಕಲ್ಪನೆಯ ಕಾಯಿಲೆಯಲ್ಲ. ನಮ್ಮ ಅಜ್ಜಿಯರು ಅದನ್ನು ‘ಬಾಣಂತಿ ಸನ್ನಿ’ ಎನ್ನುತ್ತಿದ್ದರು. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಅನೇಕ ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುವುದುಂಟು. ಅದು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನೇ ಶಮನವಾಗುತ್ತದೆ. ಸನ್ನಿಯು ಬೇರೆ. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ, ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿಯೇ, ಅದು ಕಾಣಿಸಿಕೊಳ್ಳುತ್ತದೆ. ಮಗುವು ನಿದ್ರಿಸುತ್ತಿದ್ದರೂ ತಾಯಿಗೆ ನಿದ್ರೆ ಬಾರದು, ಮಾತು ತೊಡಕಾಗುತ್ತದೆ, ಮನೆಯವರ ಮೇಲೆಯೇ ಅನುಮಾನ, ಇಲ್ಲದ ಧ್ವನಿಗಳು ಕೇಳಿಸುವುದೂ ಉಂಟು. ಇದಕ್ಕೆ ಪಥ್ಯ ತಪ್ಪಿದ್ದಾಗಲಿ, ಗಾಳಿ ಸೋಕಿದ್ದಾಗಲಿ, ತಾಯಿಯ ನಡತೆಯಾಗಲಿ ಕಾರಣವಲ್ಲ. ಹೆರಿಗೆಯ ಕಾಲದಲ್ಲಿ ದೇಹದೊಳಗಿನ ರಸಗಳಲ್ಲಿ ಉಂಟಾಗುವ ಹಠಾತ್ ಬದಲಾವಣೆ, ನಿದ್ರಾಭಂಗ, ವಂಶದಿಂದ ಬಂದ ಪ್ರವೃತ್ತಿ ಇವು ಸೇರಿ ಇದು ಉಂಟಾಗುತ್ತದೆಂದು ತಿಳಿದವರ ಅಭಿಪ್ರಾಯ. ತಾಯಿಗೂ ಮಗುವಿಗೂ ಅಪಾಯವಿರುವುದರಿಂದ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಚಿಕಿತ್ಸೆಯಾದರೆ ಬಹುಪಾಲು ತಾಯಂದಿರು ಪೂರ್ಣವಾಗಿ ಗುಣಹೊಂದುತ್ತಾರೆ. ಮುಂದಿನ ಹೆರಿಗೆಯಲ್ಲಿ ಇದು ಮರುಕಳಿಸುವ ಸಂಭವವಿರುವುದರಿಂದ ಬಸಿರಿನಲ್ಲಿಯೇ ವೈದ್ಯರಿಗೆ ತಿಳಿಸಬೇಕು. ಸಂಬಂಧಿಕರೆದುರು ಮುಚ್ಚಿಟ್ಟರೂ ವೈದ್ಯರೆದುರು ಮುಚ್ಚಿಡಕೂಡದು.

ಹಿಂದಿನ ಮೈಸೂರು ಸಂಸ್ಥಾನದಲ್ಲಿ ಇಂಥವರಿಗಾಗಿ ಇದ್ದುದು ಬೆಂಗಳೂರಿನ ಹುಚ್ಚಾಸ್ಪತ್ರೆ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನಿಟ್ಟರು. ಅದೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದರೂ ನಮ್ಮ ನಾಲಗೆ ಬದಲಾಗಲಿಲ್ಲ: “ನಿಮ್ಹಾನ್ಸಿಗೆ ಸೇರಿಸಬೇಕು ನಿನ್ನನ್ನು” ಎಂದು ಹುಡುಗಿಯರು ಈಗಲೂ ಗೆಳತಿಯರನ್ನು ಹಾಸ್ಯಮಾಡುವುದನ್ನು ಕೇಳಿದ್ದೇವೆ. ಅದೇ ಸಂಸ್ಥೆಯಲ್ಲಿ 2009ರಿಂದ ಬಾಣಂತಿಯನ್ನೂ ಹಸುಗೂಸನ್ನೂ ಬೇರ್ಪಡಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆಮಾಡುವ ವಿಭಾಗವಿದೆ. ತಾಯಿಯು ಔಷಧವನ್ನು ಸೇವಿಸುತ್ತಲೇ ದಾದಿಯರ ಸಮ್ಮುಖದಲ್ಲಿ ಮಗುವಿಗೆ ಸ್ನಾನಮಾಡಿಸುವುದನ್ನೂ ಅದನ್ನು ಆಡಿಸುವುದನ್ನೂ ಪುನಃ ರೂಢಿಸಿಕೊಳ್ಳುತ್ತಾಳೆ. ‘ನಾನು ತಾಯಿ’ ಎಂಬ ಧೈರ್ಯವು ಆಕೆಗೆ ಹಿಂದಿರುಗಬೇಕಾದದ್ದು ಹೀಗೆಯೇ ಅಲ್ಲವೇ? 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾನೂನು ಕೂಡ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಕೂಡದೆಂದು ವಿಧಿಸುತ್ತದೆ. ರೋಗಿಯನ್ನು ಸಂಕೋಲೆಯಿಂದ ಬಂಧಿಸುವುದನ್ನು ಪೂರ್ಣವಾಗಿ ನಿಷೇಧಿಸುತ್ತದೆ. ಮನೆಯವರು ಒಲ್ಲೆವೆಂದ ಮಾತ್ರಕ್ಕೆ ಗುಣವಾದವರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳುವಂತಿಲ್ಲವೆಂದೂ ಅದು ಹೇಳುತ್ತದೆ. ಕಾನೂನು ಇಷ್ಟನ್ನು ಬಾಯಿಬಿಟ್ಟು ಹೇಳಬೇಕಾಯಿತೆಂದರೆ ಎಷ್ಟು ಕಾವೇರಿಯರು ಬಾಗಿಲಲ್ಲಿ ನಿಂತಿರಬೇಕು!

ಆದರೆ ಇತರರನ್ನು ದೂರುವುದಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅನೇಕ ವರ್ಷಗಳ ಹಿಂದೆ ನಾವು ಬೇರೊಂದು ಊರಿನ ಶಾಲೆಯಲ್ಲಿ ಕೆಲಸಮಾಡುತ್ತಿದ್ದಾಗ, ಸಹೋದ್ಯೋಗಿಗಳಾದ ಉಪಾಧ್ಯಾಯಿನಿಯೊಬ್ಬರು ನಾಲ್ಕು ತಿಂಗಳು ಮನಸ್ಸಿನ ಕಾಯಿಲೆಯಿಂದ ನರಳಿ ಹಿಂದಿರುಗಿದರು. ನಾವೆಲ್ಲರೂ ಅವರಿಗೆ ಅತ್ಯಂತ ದಯೆಯನ್ನು ತೋರಿಸಿದೆವು. ಅವರ ತರಗತಿಯನ್ನು ಬೇರೆಯವರಿಗೆ ವಹಿಸಿದೆವು, ಬೀರುವಿನ ಬೀಗದಕೈಯನ್ನು ತೆಗೆದಿಟ್ಟೆವು, ಅವರು ಬಂದಾಗ ಮಾತನ್ನು ತಗ್ಗಿಸಿದೆವು, ಕಿಟಕಿಯ ಬಳಿ ಒಂದು ಕುರ್ಚಿಯನ್ನು ಹಾಕಿಸಿ “ವಿಶ್ರಮಿಸಿಕೊಳ್ಳಿ” ಎಂದೆವು. ಮೂರನೆಯ ವಾರದಲ್ಲಿ ಅವರು ನಮ್ಮ ಬಳಿಗೆ ಬಂದು, “ವಿಶ್ರಾಂತಿ ಸಾಕಾಯಿತು, ಟೀಚರ್. ನನ್ನ ಹಾಜರಿ ಪುಸ್ತಕವನ್ನು ನನಗೆ ಕೊಟ್ಟುಬಿಡಿ” ಎಂದರು. ನಮಗೆ ತಲೆಯೆತ್ತಲಾಗಲಿಲ್ಲ. ನಾವು ದಯೆಯೆಂದುಕೊಂಡಿದ್ದುದು ಆ ಕುರ್ಚಿಯಲ್ಲಿ ಕುಳಿತವರಿಗೆ ಮತ್ತೊಂದು ಆಸ್ಪತ್ರೆಯಾಗಿತ್ತು. ಮೊದಲು ದಿನಕ್ಕೆ ಎರಡು ಪಿರಿಯಡ್, ದಸರಾ ರಜೆಯ ತರುವಾಯ ಪೂರ್ತಿ ತರಗತಿ ಎಂದು ಗೊತ್ತುಮಾಡಿದೆವು. ಮಧ್ಯಾಹ್ನ ಊಟವಾದಮೇಲೆ ಅವರು ಮಾತ್ರೆಯನ್ನು ನುಂಗುವಾಗ ನೋಡಿಯೂ ನೋಡದಂತಿರುವುದನ್ನು ನಾವು ಕಲಿಯಲು ಮಾತ್ರ ಸ್ವಲ್ಪ ಕಾಲ ಹಿಡಿಯಿತು. ಆಮೇಲೆ ಅವರು ಹನ್ನೊಂದು ವರ್ಷ ಪಾಠ ಹೇಳಿದರು. ಅದರ ನಡುವೆ ಒಮ್ಮೆ ಕಾಯಿಲೆ ಮರುಕಳಿಸಿ ಆರು ವಾರ ರಜೆಯಲ್ಲಿದ್ದರು. ಆ ಸಲ ಅವರ ಹಾಜರಿ ಪುಸ್ತಕವನ್ನು ಯಾರೂ ಕದಲಿಸಲಿಲ್ಲ.

ಕುಡಿತದ ಚಟವೂ ಕಾಯಿಲೆಯೇ ಎಂದರೆ ಅನೇಕ ಸೋದರಿಯರಿಗೆ ಸಿಟ್ಟು ಬರುತ್ತದೆ. ಬರುವುದು ನ್ಯಾಯವೂ ಹೌದು, ಏಕೆಂದರೆ ಪೆಟ್ಟು ತಿಂದವರು ಅವರು. ಆದರೂ ಅದರ ಸ್ವರೂಪವನ್ನು ತಿಳಿಯುವುದು ಉಪಯುಕ್ತ. ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಕೈನಡುಕ, ಬೆವರು, ಅಪಸ್ಮಾರದಂಥ ಸೆಳವು, ಬಳಿಕ ಭ್ರಾಂತಿಯೂ ಕಾಣಿಸಿಕೊಳ್ಳಬಹುದು; ಪ್ರಾಣಾಪಾಯವೂ ಉಂಟು. ಆದದ್ದರಿಂದ ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಪ್ರಯತ್ನ ಬೇಡ. ವೈದ್ಯರ ಕಣ್ಣಮುಂದೆ ಬಿಡಿಸಬೇಕು. ಈ ಭಾಗವು ಸಾಧಾರಣವಾಗಿ ಒಂದು ವಾರದೊಳಗೆ ಮುಗಿಯುತ್ತದೆ. ಕಷ್ಟವಿರುವುದು ಅನಂತರದ ತಿಂಗಳುಗಳಲ್ಲಿ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದರು. ಆದರೆ ಬಾಯಾರಿಕೆಯನ್ನು ನಿಷೇಧಿಸುವ ಕಾನೂನು ಇಲ್ಲ. 1935ರಲ್ಲಿ ಅಮೆರಿಕದಲ್ಲಿ ಷೇರು ವ್ಯಾಪಾರದಲ್ಲಿದ್ದ ಒಬ್ಬನೂ ಶಸ್ತ್ರವೈದ್ಯನೊಬ್ಬನೂ, ಇಬ್ಬರೂ ಕುಡಿತದಿಂದ ಕೆಟ್ಟವರು, ಒಬ್ಬರಿಗೊಬ್ಬರು ಕಾವಲಾಗಿ ನಿಂತು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವನ್ನು ಆರಂಭಿಸಿದರು; ಆ ಕೂಟಗಳು ಈಗ ನಮ್ಮ ದೇಶದಲ್ಲಿಯೂ ಇವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳು ಮುಗಿದಮೇಲೂ, ಕುಡಿತ ಬಿಟ್ಟವರು ‘ನವಜೀವನ ಸಮಿತಿ’ಗಳಲ್ಲಿ ಸೇರುತ್ತಾರೆ. ಬಿಡುವುದಕ್ಕಿಂತ ಬಿಟ್ಟಿರುವುದಕ್ಕೆ ಜೊತೆ ಬೇಕೆಂಬುದನ್ನು ಇಬ್ಬರೂ ಕಂಡುಕೊಂಡಿದ್ದಾರೆ. ಬಿಟ್ಟವನು ಒಮ್ಮೆ ಜಾರಿದರೆ, ಎಂಟು ತಿಂಗಳ ಪ್ರಯಾಸವು ಸೊನ್ನೆಯಾಯಿತೆಂದು ಎಣಿಸಬೇಕಾದುದಿಲ್ಲ. ಆ ಎಂಟು ತಿಂಗಳು ಅವನು ಹೇಗೆ ಇದ್ದನೆಂಬುದನ್ನೇ ಹಿಡಿದು ಮತ್ತೆ ಆರಂಭಿಸಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಹೆಂಡತಿಯ ಸಹನೆಯಿಂದಲೇ ಕುಡುಕ ಗಂಡನು ಸುಧಾರಿಸುವ ಹಳೆಯ ನೀತಿಕಥೆಗಳಲ್ಲಿ ನಮಗೆ ನಂಬಿಕೆಯಿಲ್ಲ. ಹೊಡೆತ ತಿನ್ನುತ್ತಿರುವ ಮಗಳನ್ನು “ತಾಳಿಕೊ” ಎಂದು ಹಿಂದಕ್ಕೆ ಕಳುಹಿಸುವ ತಾಯ್ತಂದೆಯರು ಯಾರ ಚೇತರಿಕೆಗೂ ನೆರವಾಗುವುದಿಲ್ಲ. ನಂಬಿಕೆಯನ್ನು ಒಂದೇ ದಿನ ಪೂರ್ತಿಯಾಗಿ ಕೊಡಬೇಕಾಗಿಯೂ ಇಲ್ಲ. ಸಂಬಳದ ಹಣ ಯಾರ ಕೈಯಲ್ಲಿರಬೇಕು, ಎಷ್ಟು ತಿಂಗಳು ಎಂದು ಇಬ್ಬರೂ ಕುಳಿತು ಮಾತಾಡಿ ಗೊತ್ತುಮಾಡಿಕೊಳ್ಳಬಹುದು. ಆದರೆ ಪ್ರತಿದಿನ ಸಂಜೆ ಬಾಗಿಲಲ್ಲಿಯೇ ಬಾಯಿ ಮೂಸಿ ನೋಡುವ ಮನೆಯಲ್ಲಿ, ಕುಡಿಯದೆ ಬಂದ ದಿನವೂ ಅವನು ಕಳ್ಳನಂತೆಯೇ ಒಳಗೆ ಬರುತ್ತಾನೆ.

ನಮ್ಮ ನಗರದ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮನೋರೋಗ ಚಿಕಿತ್ಸಾ ವಿಭಾಗವಿದೆ. ಅಲ್ಲಿಗೆ ಹೋಗಲು ಸಂಕೋಚಪಡುವವರು ಮೊದಲು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರಕಾರೀ ಸೇವೆಯು ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ದೊರೆಯುತ್ತದೆ. ಕಾಯಿಲೆಯವರೇ ಮಾತಾಡಬೇಕೆಂಬ ನಿರ್ಬಂಧವಿಲ್ಲ. ಮನೆಯವರೂ ಕರೆಮಾಡಿ ಕೇಳಬಹುದು.