ಕ್ಷಮೆಯ ಎರಡು ಮಾದರಿಗಳು: ಸಹಜಾನಂದಸ್ವಾಮಿಗಳ ಅಹಮದಾಬಾದ್ ಪ್ರಸಂಗ

ತನ್ನ ಕೊಲೆಗೆ ಸಂಚು ಹೂಡಿದವರನ್ನು ಧರ್ಮಗುರುವು ಕ್ಷಮಿಸಿದನೆಂಬ ಆಶಯ ಭಾರತೀಯ ಸಂತಚರಿತೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದನ್ನು ಬರಿಯ ಮಹಿಮಾವರ್ಣನೆಯೆಂದು ಬದಿಗಿರಿಸುವುದು ಸುಲಭ. ಆದರೆ ಎಲ್ಲ ಚರಿತೆಗಳೂ ಕ್ಷಮೆಯನ್ನು ಒಂದೇ ಬಗೆಯಲ್ಲಿ ಅರ್ಥೈಸುವುದಿಲ್ಲ. ಗುಜರಾತಿನ ಸ್ವಾಮಿನಾರಾಯಣ ಸಂಪ್ರದಾಯದ ಪ್ರವರ್ತಕರಾದ ಸಹಜಾನಂದಸ್ವಾಮಿಗಳ (1781-1830) ಚರಿತೆ ಇದಕ್ಕೆ ನಿದರ್ಶನವಾಗಿದೆ.

ಅಹಮದಾಬಾದ್ ಪೇಶ್ವೆಯ ಆಡಳಿತದಲ್ಲಿದ್ದಾಗ ಅಲ್ಲಿನ ಸುಬೇದಾರನು ಸ್ವಾಮಿಗಳನ್ನು ಭದ್ರ ಕೋಟೆಗೆ ಆಹ್ವಾನಿಸಿ, ಕುದಿಯುವ ಎಣ್ಣೆಯ ಕೊಪ್ಪರಿಗೆಯ ಮೇಲೆ ಆಸನವನ್ನು ಹಾಕಿಸಿದ್ದನೆಂದು ಸಂಪ್ರದಾಯದ ಚರಿತೆಗಳು ಹೇಳುತ್ತವೆ. ಸಂಚನ್ನರಿತ ಸ್ವಾಮಿಗಳು ಕೆರಳಿದ ಅನುಯಾಯಿಗಳನ್ನು ತಡೆದು ನಗರವನ್ನು ತೊರೆದರು.

ಇದು ಐತಿಹ್ಯ. ಇದರ ಪಕ್ಕದಲ್ಲಿ ಒಂದು ಸಮಕಾಲೀನ ಸಾಕ್ಷ್ಯವನ್ನಿರಿಸಿ ನೋಡಬೇಕು. 1825ರ ಮಾರ್ಚ್ ತಿಂಗಳಲ್ಲಿ ನಡಿಯಾದಿನಲ್ಲಿ ಸ್ವಾಮಿಗಳನ್ನು ಕಂಡ ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರನು, ಸುಮಾರು 200 ಮಂದಿ ಶಸ್ತ್ರಧಾರಿ ಸವಾರರು ಅವರೊಡನಿದ್ದುದನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಈ ಸಾಕ್ಷ್ಯ ಆ ಪ್ರಸಂಗದ ಅನಂತರದ್ದಾದರೂ, ಸ್ವಾಮಿಗಳ ಹಿಂದೆ ಆಯುಧ ಹಿಡಿಯಬಲ್ಲ ಜನರಿದ್ದರೆಂಬುದನ್ನು ತಿಳಿಸುತ್ತದೆ. ಸೇಡು ತೀರಿಸಿಕೊಳ್ಳಲಾರದವನ ಮೌನವನ್ನು ಕ್ಷಮೆಯೆನ್ನಲಾಗದು. ಬಲವಿದ್ದೂ ಅದನ್ನು ತಡೆದುದರಲ್ಲಿಯೇ ಈ ಪ್ರಸಂಗದ ಅರ್ಥವಿದೆ.

ಕನ್ನಡಿಗರಿಗೆ ಮೇಲುಕೋಟೆಯ ಮೂಲಕ ಪರಿಚಿತರಾದ ರಾಮಾನುಜಾಚಾರ್ಯರ ಚರಿತೆಯನ್ನು ಇಲ್ಲಿ ನೆನೆಯಬಹುದು. ಸಹಜಾನಂದರು ತಮ್ಮ 'ಶಿಕ್ಷಾಪತ್ರಿ'ಯಲ್ಲಿ ರಾಮಾನುಜರ ವಿಶಿಷ್ಟಾದ್ವೈತವನ್ನೇ ತಮ್ಮ ಮತವೆಂದು ಅಂಗೀಕರಿಸಿರುವುದರಿಂದ ಈ ಹೋಲಿಕೆ ಆಕಸ್ಮಿಕವಲ್ಲ. ಕಾಶೀಯಾತ್ರೆಯ ನೆಪದಲ್ಲಿ ರಾಮಾನುಜರನ್ನು ಕೊಲ್ಲಲು ಸಂಚು ಹೂಡಿದ ಗುರು ಯಾದವಪ್ರಕಾಶನು ಕೊನೆಗೆ ಅವರ ಶಿಷ್ಯನೇ ಆದನೆಂಬುದು ಶ್ರೀವೈಷ್ಣವ ಪರಂಪರೆಯ ಕಥನ. ಅಲ್ಲಿ ಕ್ಷಮೆ ವೈರಿಯ ಪರಿವರ್ತನೆಯಲ್ಲಿ ಸಾರ್ಥಕವಾಗುತ್ತದೆ. ಅಹಮದಾಬಾದ್ ಪ್ರಸಂಗದಲ್ಲಾದರೋ ಸುಬೇದಾರನು ಪಶ್ಚಾತ್ತಾಪಪಟ್ಟು ಶಿಷ್ಯನಾಗುವುದಿಲ್ಲ. ಕ್ಷಮೆಗೆ ಪ್ರತಿಫಲವಿಲ್ಲ. ಆದ್ದರಿಂದ ಈ ಎರಡನೆಯ ಮಾದರಿಯೇ ಹೆಚ್ಚು ಕಠಿನವಾದುದು.

1826ರಲ್ಲಿ ವಡತಾಲದಲ್ಲಿ ರಚಿತವಾದ, 212 ಶ್ಲೋಕಗಳ 'ಶಿಕ್ಷಾಪತ್ರಿ'ಯು ಈ ನಡತೆಯನ್ನೇ ನಿಯಮವಾಗಿಸಿತು. ದುರ್ಜನರು ಬೈದರೂ ಹೊಡೆದರೂ ಸಾಧುಗಳು ಸಹಿಸಬೇಕು, ಪ್ರತಿಯಾಗಿ ಹೊಡೆಯದೆ ಅವರ ಹಿತವನ್ನೇ ಬಯಸಬೇಕು ಎಂಬುದು ಅದರ ವಿಧಿ. ಗುರುವಿನ ಮಹಿಮೆಯೆನಿಸಿದ್ದುದು ಹೀಗೆ ಸಾಮಾನ್ಯ ಸಾಧುವಿನ ಕರ್ತವ್ಯವಾಯಿತು.

ಮುಂದೆ ಸೂರತ್ತಿನಲ್ಲಿ ಪಾರ್ಸಿ ಕೊತ್ವಾಲ ಅರ್ದೇಶೀರನೂ ವಡೋದರದಲ್ಲಿ ಎರಡನೆಯ ಸಯಾಜಿರಾವ್ ಗಾಯಕವಾಡನೂ ಸ್ವಾಮಿಗಳನ್ನು ಗೌರವದಿಂದ ಬರಮಾಡಿಕೊಂಡರು. ಅದಕ್ಕೂ ಮೊದಲೇ, ಬ್ರಿಟಿಷರ ವಶವಾಗಿದ್ದ ಅಹಮದಾಬಾದಿನಲ್ಲಿ, 1822ರಲ್ಲಿ ಸಂಪ್ರದಾಯದ ಮೊದಲ ಮಂದಿರ ಪ್ರತಿಷ್ಠಿತವಾಗಿತ್ತು. ಕೊಲ್ಲಲು ಕರೆದ ನಗರಕ್ಕೆ ಸ್ವಾಮಿಗಳು ಮರಳಿದ್ದು ಲೆಕ್ಕ ತೀರಿಸಲೆಂದಲ್ಲ, ಗುಡಿ ಕಟ್ಟಲೆಂದು. ಸಂತಚರಿತೆಗಳನ್ನು ಓದುವ ವಿದ್ಯಾರ್ಥಿಗಳು ಪವಾಡ ನಡೆಯಿತೇ ಎಂದು ಕೇಳುವುದರ ಜೊತೆಗೆ, ಆ ಕಥನವು ಕೇಳಿದವರಿಂದ ಯಾವ ನಡತೆಯನ್ನು ಬೇಡಿತು ಎಂಬುದನ್ನೂ ಕೇಳಬೇಕು.