ಗುಹೆ ಬೇಡ, ಗೋಪುರ ಸಾಕು

ಫೈರ್‌ವಾಚ್ ಗೇಮಿನ ಕಾವಲು ಗೋಪುರವನ್ನು ಅನ್‌ರಿಯಲ್ ಎಂಜಿನ್‌ನಲ್ಲಿ ಮತ್ತೆ ಕಟ್ಟುತ್ತೇವೆ, ಐದು ಜನರ ಟೀಮಿಗೆ ನಾನೇ ಲೀಡ್ ಅಂದೆಯಲ್ಲಮ್ಮ, ಖುಷಿಯಾಯಿತು. ಆದರೆ ನೀನು ಕಳಿಸಿದ ಪಟ್ಟಿ ನೋಡಿ ಗಾಬರಿಯೂ ಆಯಿತು. ಗೋಪುರ, ಕೆರೆ, ಕಣಿವೆ, ಗುಹೆ, ಜೊತೆಗೆ ಕಾಡ್ಗಿಚ್ಚು! ಎಲ್ಲವೂ ಒಂದೇ ಸೆಮಿಸ್ಟರಿನಲ್ಲಿ!

1998ರ ಹಾಫ್-ಲೈಫ್ ಗೇಮನ್ನು ಅಭಿಮಾನಿಗಳೇ ಸೇರಿ ಬ್ಲ್ಯಾಕ್ ಮೆಸಾ ಅನ್ನುವ ಹೆಸರಿನಲ್ಲಿ ಹೊಸದಾಗಿ ಕಟ್ಟಿದ್ದು ನಿನಗೆ ಗೊತ್ತಲ್ಲ. 2012ರಲ್ಲಿ ಅದನ್ನು ಹೊರಗೆ ಬಿಟ್ಟಾಗ, ಕೊನೆಯಲ್ಲಿ ಬರುವ ಝೆನ್ ಲೋಕ ಅದರಲ್ಲಿ ಇರಲೇ ಇಲ್ಲ. ಇದ್ದಷ್ಟನ್ನೇ ಜನ ಮೆಚ್ಚಿ ಆಡಿದರು. ಝೆನ್ ಸೇರಿ ಗೇಮ್ ಪೂರ್ತಿಯಾದದ್ದು 2020ರಲ್ಲಿ. ನಿನಗೆ ಅಷ್ಟು ವರ್ಷ ಯಾರೂ ಕೊಡುವುದಿಲ್ಲ. ಗೋಪುರದ ಕೋಣೆ, ಸುತ್ತಲಿನ ಜಗಲಿ, ಅಲ್ಲಿ ನಿಂತರೆ ಕಾಣುವ ಕಾಡು, ಇಷ್ಟೇ ಇಟ್ಟುಕೋ. ಗುಹೆ ಮಾಡಬೇಕೆಂದಿದ್ದ ಹುಡುಗನಿಗೆ ಬೇಜಾರಾಗುತ್ತದೆ, ಆಗಲಿ. ಕೊನೆಯ ವಾರ ಅವನ ದುಡಿಮೆಯನ್ನು ಕಿತ್ತುಹಾಕುವುದಕ್ಕಿಂತ ಈಗಲೇ ಹೇಳುವುದು ವಾಸಿ.

ಮೊದಲು ಬೂದುಬಣ್ಣದ ಪೆಟ್ಟಿಗೆಗಳಲ್ಲೇ ಇಡೀ ಜಾಗವನ್ನು ನಿಲ್ಲಿಸಿ. ಮಾಡೆಲ್ ಮಾಡುವ ಬ್ಲೆಂಡರ್ ಮೀಟರಿನಲ್ಲಿ ಲೆಕ್ಕ ಹಾಕುತ್ತದೆ, ಅನ್‌ರಿಯಲ್ ಸೆಂಟಿಮೀಟರಿನಲ್ಲಿ. ಅಳತೆ ಎಡವದಂತೆ ಸುಮಾರು 180 ಸೆಂ.ಮೀ. ಎತ್ತರದ ಒಂದು ಮನುಷ್ಯಾಕೃತಿಯನ್ನು ಕೋಣೆಯಲ್ಲೇ ನಿಲ್ಲಿಸಿಡು. ಮಂಚ, ಮೇಜು, ನಡುವೆ ಇರುವ ಬೆಂಕಿಯ ದಿಕ್ಕು ಹಿಡಿಯುವ ಉಪಕರಣ ಎಲ್ಲವೂ ಅದರ ಪಕ್ಕದಲ್ಲೇ ಅಳತೆಗೆ ಬರಲಿ. ಮೂಲ ಗೇಮಿನ ಮೂರ್ನಾಲ್ಕು ಸ್ಕ್ರೀನ್‌ಶಾಟ್ ಆರಿಸಿ, ಅದೇ ಕೋನಗಳಲ್ಲಿ ಕ್ಯಾಮೆರಾ ಇಟ್ಟು ಕದಲದಂತೆ ಲಾಕ್ ಮಾಡಿಬಿಡು. ಕ್ಯಾಮೆರಾದ ನೋಟದ ಅಗಲ ಹೊಂದದಿದ್ದರೆ ಗೋಡೆ ಎಷ್ಟು ಸರಿಸಿದರೂ ಚಿತ್ರ ಕೂಡುವುದಿಲ್ಲ.

ಇನ್ನು ಬಣ್ಣದ ವಿಷಯ. ನಿಮ್ಮ ಪ್ರಾಜೆಕ್ಟ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಕಥೆ ನಡೆಯುವುದು 1989ರ ಬೇಸಿಗೆಯಲ್ಲಿ, ವಯೋಮಿಂಗ್‌ನ ಕಾಡಿನಲ್ಲಿ. ಆದರೆ ನೀವು ಕಟ್ಟಬೇಕಾದದ್ದು ವಯೋಮಿಂಗನ್ನಲ್ಲ, ಆ ಗೇಮಿನ ಕಲಾವಿದ ಆಲಿ ಮಾಸ್ ಕಂಡ ವಯೋಮಿಂಗನ್ನು. ಅಮೆರಿಕದ ಹಳೆಯ ರಾಷ್ಟ್ರೀಯ ಉದ್ಯಾನಗಳ ಪೋಸ್ಟರುಗಳಿಂದ ಅವನು ಎತ್ತಿಕೊಂಡ ಚಪ್ಪಟೆ ಬಣ್ಣದ ಪದರಗಳನ್ನು, ನಡೆದಾಡಬಹುದಾದ ಕಾಡಾಗಿಸಿದ್ದು ಅದೇ ಟೀಮಿನ ಕಲಾವಿದೆ ಜೇನ್ ಇಂಗ್. ಹತ್ತಿರದ ಮರ ಕಡು, ಅದರಾಚೆಯ ಸಾಲು ಸ್ವಲ್ಪ ತಿಳಿ, ಗುಡ್ಡ ಇನ್ನೂ ತಿಳಿ; ದೂರ ಹೋದಂತೆಲ್ಲ ಮಂಜಿನ ಬಣ್ಣವೇ ಬದಲಾಗುತ್ತದೆ. ಎಲೆ ಎಲೆಯೂ ಕಾಣುವ ಸ್ಕ್ಯಾನ್ ಮಾಡಿದ ಪೈನ್ ಮರವನ್ನು ಯಾರಾದರೂ ತಂದು ನೆಟ್ಟರೆ, ಅದು ಎಷ್ಟೇ ಚೆನ್ನಾಗಿರಲಿ, ತೆಗೆಸು. ಲೈಟಿಂಗ್ ಕೊನೆಗೆ ನೋಡೋಣ ಅಂತ ನಿನ್ನ ಪಟ್ಟಿಯಲ್ಲಿದೆ. ಆ ಸಾಲು ಹೊಡೆದುಹಾಕು. ಮಂಜು ಮತ್ತು ಬೆಳಕಿಗೆಂದೇ ಒಬ್ಬರು ಮೊದಲ ದಿನದಿಂದ ಇರಲಿ. ಉಳಿದವರ ಬಣ್ಣಗಳು ಸರಿಯೋ ತಪ್ಪೋ ತಿಳಿಯುವುದು ಆ ಬೆಳಕಿನಲ್ಲೇ.

ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳಬೇಡಿ. (ನೀವು ಇನ್ನೂ ಹಾಗೇ ಮಾಡುತ್ತಿದ್ದೀರಿ ಅಂತ ನನಗೆ ಬಲವಾದ ಅನುಮಾನ.) ಅನ್‌ರಿಯಲ್‌ನ ಅಸೆಟ್ ಫೈಲನ್ನು ಕೋಡಿನ ಹಾಗೆ ಸಾಲು ಸಾಲಾಗಿ ಬೆಸೆಯಲು ಬರುವುದಿಲ್ಲ. ಇಬ್ಬರು ಒಂದನ್ನೇ ತಿದ್ದಿದರೆ ಒಬ್ಬರ ಕೆಲಸ ನೀರುಪಾಲು. ಪೆನ್‌ಡ್ರೈವಿನ ಬದಲು ಬಳಸುವುದು ಪರ್ಫೋರ್ಸ್ ಇರಲಿ, ಗಿಟ್ ಎಲ್‌ಎಫ್‌ಎಸ್ ಇರಲಿ, ತಿದ್ದುವ ಮೊದಲು ಲಾಕ್ ಮಾಡುವ ಅಭ್ಯಾಸ ಎಲ್ಲರಿಗೂ ಬರಲಿ.

ನಿನಗೊಂದು ಚಟ ಇದೆ, ಬೈಯಬೇಡ. ಬೇರೆಯವರು ಮಾಡಿದ್ದು ಹಿಡಿಸದಿದ್ದರೆ ರಾತ್ರೋರಾತ್ರಿ ನೀನೇ ಮಾಡಿ ಮುಗಿಸುತ್ತೀಯ. ಲೀಡ್ ಹಾಗೆ ಮಾಡಿದರೆ ಮೊದಲು ಆ ಕೆಲಸ ಮಾಡಿದವನು ನಾಳೆಯಿಂದ ಅರ್ಧ ಮನಸ್ಸಿನಲ್ಲಿ ಬರುತ್ತಾನೆ. ಲಾಕ್ ಮಾಡಿದ ಕ್ಯಾಮೆರಾದ ಚಿತ್ರವನ್ನೂ ಮೂಲದ ಸ್ಕ್ರೀನ್‌ಶಾಟನ್ನೂ ಅಕ್ಕಪಕ್ಕ ಇಟ್ಟು, ಏನು ಕಾಣುತ್ತಿದೆ ಅಂತ ಅವನನ್ನೇ ಕೇಳು. ಮುಕ್ಕಾಲು ಪಾಲು ತಪ್ಪು ಅವನೇ ಹೇಳುತ್ತಾನೆ.

ಗೇಮಿನಿಂದ ಮಾಡೆಲ್ ಎತ್ತಿ ತಂದಿಡುವ ಆಸೆ ಯಾರಿಗೂ ಬರದಂತೆ ನೋಡಿಕೋ. ಮುಗಿದ ಮೇಲೆ ಮೂಲ ಗೇಮ್ ಕಾಂಪೊ ಸ್ಯಾಂಟೊದ್ದು ಅಂತ ಹಾಕಿ, ಅದರ ಕೆಳಗೆ ಯಾವ ಮೇಜು ಯಾರದು, ಯಾವ ಕಲ್ಲು ಯಾರದು ಅಂತ ಬರೆದಿಡಿ. ಕೆಲಸದ ಸಂದರ್ಶನದಲ್ಲಿ ನಾವು ಮೊದಲು ಕೇಳುವುದೇ ಅದು. ಭಾನುವಾರ ಮನೆಗೆ ಬಂದಾಗ ಬೂದು ಪೆಟ್ಟಿಗೆಗಳನ್ನು ತೋರಿಸು. ಅದರಲ್ಲಿ ಟೆಕ್ಸ್ಚರ್ ಕಂಡರೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತೇನೆ.