ಕೋಳಿಕುಟುಮ: ಎಲೆಯ ತುದಿ ನೋಡಿ ಗುರುತು ಹಿಡಿಯಿರಿ

ಮಳೆಗಾಲದಲ್ಲಿ ಹೊಲದ ಬೇಲಿಗಳಲ್ಲಿಯೂ ಕುರುಚಲು ಕಾಡಿನಲ್ಲಿಯೂ ಬೆಂಕಿಯ ನಾಲಿಗೆಯಂಥ ಹೂ ಬಿಡುವ ಬಳ್ಳಿಯೊಂದನ್ನು ರೈತ ಬಾಂಧವರು ನೋಡಿಯೇ ಇರುತ್ತೀರಿ. ಇದಕ್ಕೆ ಕೋಳಿಕುಟುಮ, ಅಗ್ನಿಶಿಖೆ, ಗೌರಿಹೂ ಎಂದು ಊರಿಗೊಂದು ಹೆಸರುಂಟು. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸ ಸುಪರ್ಬ. ಇದು ಔಷಧಿಯ ಬಳ್ಳಿ. ಜೊತೆಗೆ ಘೋರವಾದ ವಿಷ. ಇದರ ಗೆಡ್ಡೆಯನ್ನು ಕಾಡುಗೆಣಸೆಂದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಆದಕಾರಣ ಇದರ ಗುರುತನ್ನು ಮನೆಯವರೆಲ್ಲರೂ ಅರಿತಿರಬೇಕು.

ಎಲೆ: ಇದೇ ಮುಖ್ಯ ಗುರುತು. ಎಲೆ ಉದ್ದವಾಗಿ, ಈಟಿಯಂತೆ ಚೂಪಾಗಿರುತ್ತದೆ. ಅದರ ತುದಿಯೇ ಸುರುಳಿಯಾಗಿ ಸುತ್ತಿ ಪಕ್ಕದ ಗಿಡವನ್ನು ಹಿಡಿಯುತ್ತದೆ. ಕಾಡುಗೆಣಸಿನ ಎಲೆಯ ತುದಿಯಲ್ಲಿ ಇಂಥ ಸುರುಳಿ ಇಲ್ಲ. ಅದರ ಬಳ್ಳಿಯ ಕಾಂಡವೇ ಆಸರೆಯನ್ನು ಸುತ್ತಿಕೊಂಡು ಏರುತ್ತದೆ.

ಹೂ: ಆರು ದಳಗಳು, ಅಂಚು ಅಲೆಅಲೆಯಾಗಿ, ಮೇಲಕ್ಕೆ ಬಾಗಿರುತ್ತವೆ. ಹಸಿರು ಹಳದಿಯಾಗಿ ಅರಳಿ, ಕೆಲವು ದಿನಗಳಲ್ಲಿ ಕೆಂಪಾಗುತ್ತವೆ.

ಕಾಯಿ: ಉದ್ದನೆಯದು. ಒಣಗಿ ಮೂರು ಹೋಳಾಗಿ ಬಿರಿದಾಗ ಕೆಂಪು ಬೀಜಗಳು ಕಾಣುತ್ತವೆ.

ಗೆಡ್ಡೆ: ಎರಡು ಕವಲಾಗಿ ನೇಗಿಲಿನಂತೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು ಬಂದದ್ದು ಇದರಿಂದಲೇ, ಲಾಂಗಲವೆಂದರೆ ನೇಗಿಲು. ಆದರೆ ಅಗೆಯುವಾಗ ಒಂದು ಕವಲು ಮುರಿದರೆ ಉಳಿದ ತುಂಡು ಸಾಮಾನ್ಯ ಗೆಣಸಿನಂತೆಯೇ ಕಾಣುತ್ತದೆ. ಆದ್ದರಿಂದ ಗೆಡ್ಡೆಯೊಂದನ್ನೇ ನೋಡಿ ನಂಬಬಾರದು.

ಮಳೆ ಮುಗಿದ ಮೇಲೆ ಬಳ್ಳಿ ಒಣಗಿ ಬೀಳುತ್ತದೆ. ಗೆಡ್ಡೆ ಮಾತ್ರ ನೆಲದಲ್ಲಿ ಉಳಿಯುತ್ತದೆ. ಅಪಾಯವಿರುವುದು ಆಗಲೇ. ಹೂ ಇರುವಾಗಲೇ ಆ ಜಾಗದಲ್ಲಿ ಒಂದು ಗೂಟ ನೆಟ್ಟು ಗುರುತು ಮಾಡಿರಿ. ಎಲೆ ನೋಡದ ಬಳ್ಳಿಯ ಗೆಡ್ಡೆಯನ್ನು ಅಡಿಗೆಗೆ ತರಬೇಡಿರಿ. ದನ ಮೇಕೆಗಳಿಗೂ ಇದು ವಿಷವೇ. ಹೊಲದಲ್ಲಿ ಕಿತ್ತ ಬಳ್ಳಿಯನ್ನು ಮೇವಿನೊಡನೆ ಸೇರಿಸಬೇಡಿರಿ.

ಗಿಡದ ಎಲ್ಲ ಭಾಗಗಳಲ್ಲಿಯೂ ಕಾಲ್ಚಿಸಿನ್ ಎಂಬ ವಿಷವಿದೆ. ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಕೆಲವು ಗಂಟೆಗಳಲ್ಲಿ ಗಂಟಲು ಉರಿ, ವಾಂತಿ, ಭೇದಿ ಆರಂಭವಾಗುತ್ತವೆ. ಸಾಮಾನ್ಯ ಭೇದಿಯೆಂದು ಮನೆಮದ್ದು ಮಾಡುತ್ತ ಕುಳಿತರೆ ಮೂತ್ರಪಿಂಡ, ಹೃದಯ ಕೆಡುತ್ತವೆ. ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಿರಿ. ಉಳಿದ ಗೆಡ್ಡೆಯನ್ನೂ ಬಳ್ಳಿಯನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿರಿ.

ಇದೇ ಕಾಲ್ಚಿಸಿನ್ ಅಳತೆಯಲ್ಲಿ ಕೊಟ್ಟಾಗ ಗೌಟ್ ಎಂಬ ಕೀಲುನೋವಿಗೆ ಮದ್ದು. ತಮಿಳುನಾಡಿನ ರೈತರು ಬೀಜಕ್ಕಾಗಿ ಈ ಬಳ್ಳಿಯನ್ನು ಹೊಲಗಳಲ್ಲಿ ಬೆಳೆಸುತ್ತಾರೆ. ಆಯುರ್ವೇದವು ಇದನ್ನು ಉಪವಿಷಗಳಲ್ಲಿ ಎಣಿಸಿ, ಶುದ್ಧಿ ಮಾಡದೆ ಬಳಸಬಾರದೆಂದು ವಿಧಿಸಿದೆ. ಮದ್ದಿನ ಅಳತೆಗೂ ವಿಷದ ಅಳತೆಗೂ ಅಂತರ ಬಹಳ ಕಡಿಮೆ. ಮನೆಯಲ್ಲಿ ಅರೆದು ಕೊಡತಕ್ಕ ಔಷಧಿ ಇದಲ್ಲ.

ಮುಂದಿನ ಮಳೆಗಾಲದಲ್ಲಿ ಮಕ್ಕಳನ್ನು ಬೇಲಿಯ ಬಳಿಗೆ ಕರೆದೊಯ್ದು ಎಲೆಯ ತುದಿಯ ಸುರುಳಿಯನ್ನು ತೋರಿಸಿರಿ. ಬಳ್ಳಿ ಮುಟ್ಟಿದವರು ಕೈ ತೊಳೆದುಕೊಳ್ಳಲಿ.